ರೌಂಡ್ ಬೇಲರ್ ಹುಲ್ಲನ್ನು ಸುತ್ತಿ ಬಿಗಿಯುವುದು ಹೇಗೆ?

ಟ್ರ್ಯಾಕ್ಟರ್ ಹಿಂದೆ ಕಟ್ಟಿ ಎಳೆಯುವ ರೌಂಡ್ ಬೇಲರ್ ಯಂತ್ರ ಹುಲ್ಲನ್ನು ಚಾಪೆಯಂತೆ ಸುತ್ತುತ್ತದೆ, ಪದರದ ಮೇಲೆ ಪದರ. ಹೀಗೆ ಸುತ್ತಿದ ದುಂಡನೆಯ ಹುಲ್ಲಿನ ಸುರುಳಿಯೇ ಬೇಲ್. ಬೇಲ್ ಎಷ್ಟು ಬಿಗಿಯಾಗಿ ಬರುತ್ತದೆ ಅನ್ನುವುದು ಯಂತ್ರದ ಕೈಯಲ್ಲಿ ಅರ್ಧ, ಟ್ರ್ಯಾಕ್ಟರ್ ಓಡಿಸುವವರ ಕೈಯಲ್ಲಿ ಇನ್ನರ್ಧ.

ಮೊದಲು ಹುಲ್ಲು ಒಣಗಿರಬೇಕು. ತೇವಾಂಶ ಶೇ 18ರ ಒಳಗಿದ್ದರೆ ಒಳ್ಳೆಯದು. ಶೇ 20 ದಾಟಿದರೆ ಬೂಸ್ಟು ಹಿಡಿಯುವ ಭಯ. ಬೇಲ್ ಒಳಗೊಳಗೇ ಕಾಯುತ್ತದೆ, ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ. ಒಣಗಿದ ಹುಲ್ಲನ್ನು ಉದ್ದ ಸಾಲುಗಳಾಗಿ ಎಳೆದುಕೊಳ್ಳಿ.

ಟ್ರ್ಯಾಕ್ಟರ್‌ನ ಪಿಟಿಒ ಶಾಫ್ಟ್ (ಎಂಜಿನ್ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ತಿರುಗುವ ದಂಡ) ಬೇಲರನ್ನು ತಿರುಗಿಸುತ್ತದೆ, ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು. ಮುಂದಿರುವ ಪಿಕಪ್‌ನ ಸ್ಪ್ರಿಂಗ್ ಹಲ್ಲುಗಳು ಸಾಲನ್ನು ಎತ್ತಿ, ಬೇಲ್ ಸುತ್ತುವ ಒಳಕೋಣೆಯಾದ ಚೇಂಬರ್‌ಗೆ ಕೊಡುತ್ತವೆ.

ನಿಜವಾದ ಕೆಲಸ ಚೇಂಬರ್‌ನಲ್ಲಿ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಚೇಂಬರ್‌ನ ಗಾತ್ರ ಬದಲಾಗುವುದಿಲ್ಲ, ಸುತ್ತಲೂ ರೋಲರ್‌ಗಳಿರುತ್ತವೆ. ಶುರುವಿನಲ್ಲಿ ಹುಲ್ಲು ಸುಮ್ನೆ ಹೊರಳಾಡುತ್ತದೆ. ಚೇಂಬರ್ ತುಂಬಿದ ಮೇಲೆ ಹೊರಗಿನಿಂದ ಒತ್ತಡ ಬೀಳುತ್ತದೆ. ಹಾಗಾಗಿ ಬೇಲ್‌ನ ನಡುಭಾಗ ಸಡಿಲ, ಹೊರಭಾಗ ಗಟ್ಟಿ.

ಎರಡನೆಯದು ಬೆಲ್ಟ್‌ಗಳದ್ದು. ಅಮೆರಿಕದ ಅಯೋವಾದಲ್ಲಿ ಗ್ಯಾರಿ ವರ್ಮೀರ್ 1971ರಲ್ಲಿ ದೊಡ್ಡ ರೌಂಡ್ ಬೇಲರ್ ತಂದ ಮೇಲೆ ಇಂಥ ಯಂತ್ರಗಳು ಹರಡಿದವು. ಇಲ್ಲಿ ಚೇಂಬರ್ ಮೊದಲು ಚಿಕ್ಕದು. ಬೇಲ್ ಬೆಳೆದಂತೆ ಬೆಲ್ಟ್‌ಗಳನ್ನು ಹೊರಕ್ಕೆ ತಳ್ಳುತ್ತದೆ. ಅವುಗಳನ್ನು ಎಳೆದು ಹಿಡಿದಿರುವ ಹೈಡ್ರಾಲಿಕ್ ಸಿಲಿಂಡರ್ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಆ ಜಗ್ಗಾಟದಲ್ಲೇ ಹುಲ್ಲು ಬಿಗಿಯಾಗುತ್ತದೆ, ಅದೂ ನಡುವಿನಿಂದಲೇ. ತುಂಬಾ ದಿನ ಇಡುವ ಒಣಹುಲ್ಲಿಗೆ ನಾನು ಇದನ್ನೇ ಮೆಚ್ಚುತ್ತೇನೆ.

ಇನ್ನು ಓಡಿಸುವವರ ಪಾಲು. ಪಿಟಿಒ ವೇಗ ಇಳಿಸದೆ ಟ್ರ್ಯಾಕ್ಟರನ್ನು ನಿಧಾನವಾಗಿ ಓಡಿಸಿ. ಒಂದೊಂದು ಸುತ್ತಿಗೆ ಹೋಗುವ ಹುಲ್ಲಿನ ಪದರ ತೆಳುವಾಗುತ್ತದೆ. ಪದರ ತೆಳುವಾದಷ್ಟೂ ಬೇಲ್ ಗಟ್ಟಿ. ಸಾಲು ಚೇಂಬರ್‌ನಷ್ಟೇ ಅಗಲ ಇದ್ದರೆ ನೇರ ಹೋದರಾಯಿತು. ಕಿರಿದಾಗಿದ್ದರೆ ಸ್ವಲ್ಪ ದೂರ ಎಡಬದಿಗೆ, ಆಮೇಲೆ ಬಲಬದಿಗೆ ಹುಲ್ಲು ತುಂಬಿಸಿ. ಬರೀ ನಡುವೆ ತುಂಬಿದರೆ ಬೇಲ್ ಪೀಪಾಯಿಯಂತೆ ಉಬ್ಬಿ ಅಂಚು ಸಡಿಲಾಗುತ್ತದೆ.

ಅಂಚಿಗೆ, ಹೊರಪದರಕ್ಕೆ ಇಷ್ಟು ಗಮನ ಯಾಕೆ? 1.5 ಮೀಟರ್ ಅಡ್ಡಳತೆಯ ಬೇಲ್‌ನಲ್ಲಿ ಹೊರಗಿನ 15 ಸೆಂ.ಮೀ. ಪದರವೇ ಒಟ್ಟು ಗಾತ್ರದ ಶೇ 36ರಷ್ಟಾಗುತ್ತದೆ. ಮಳೆನೀರು ಅಷ್ಟೇ ಆಳಕ್ಕೆ ಇಳಿದರೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹುಲ್ಲು ನೆನೆಯುತ್ತದೆ.

ಗಾತ್ರ ಸಾಕಾದಾಗ ಸೂಚನೆ ಬರುತ್ತದೆ. ಆಗ ಟ್ರ್ಯಾಕ್ಟರ್ ನಿಲ್ಲಿಸಿ, ಪಿಟಿಒ ತಿರುಗುತ್ತಲೇ ಇರಲಿ. ಬೇಲ್ ಒಳಗೇ ಸುತ್ತುತ್ತಾ ನೆಟ್ ಅಥವಾ ದಾರ ಸುತ್ತಿಕೊಳ್ಳುತ್ತದೆ. ನೆಟ್ ಆದರೆ ಎರಡು ಮೂರು ಸುತ್ತು ಸಾಕು.

ಹಿಂಬಾಗಿಲು ಎತ್ತುವ ಮುನ್ನ ಹಿಂದೆ ಯಾರೂ ಇಲ್ಲವೆಂದು ನೋಡಿ. ಇಳಿಜಾರಾದರೆ ಬೇಲ್ ಉರುಳದಂತೆ ಟ್ರ್ಯಾಕ್ಟರನ್ನು ಇಳಿಜಾರಿಗೆ ಅಡ್ಡಕ್ಕೆ ನಿಲ್ಲಿಸಿಯೇ ಬೇಲನ್ನು ಹೊರಬಿಡಿ. ಪಿಕಪ್‌ನಲ್ಲಿ ಹುಲ್ಲು ಸಿಕ್ಕಿಕೊಂಡರೆ ಪಿಟಿಒ, ಎಂಜಿನ್ ಎರಡನ್ನೂ ನಿಲ್ಲಿಸಿ, ಎಲ್ಲವೂ ತಿರುಗುವುದು ನಿಂತ ಮೇಲಷ್ಟೇ ಹತ್ತಿರ ಹೋಗಿ.