ಇ-ಸ್ಕೇಟ್‌ಬೋರ್ಡ್ ಕೈಕೊಟ್ಟು ಗಾಯವಾಯಿತೇ? ಪರಿಹಾರ ಕೇಳುವುದು ಹೀಗೆ

ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್‌ನಿಂದ ಬಿದ್ದವರಿಗೆ ಮೊದಲು ಕೇಳಿಬರುವ ಮಾತು ಒಂದೇ: ‘ಬ್ಯಾಲೆನ್ಸ್ ತಪ್ಪಿರಬೇಕು.’ ನೋಡಿದವರು ಹಾಗೇ ಹೇಳುತ್ತಾರೆ. ಆಸ್ಪತ್ರೆಯ ಚೀಟಿಯಲ್ಲೂ ಅದೇ ಸೇರಿಕೊಳ್ಳುತ್ತದೆ. ಸ್ವಲ್ಪ ದಿನ ಕಳೆದರೆ ಬಿದ್ದವರೂ ಅದನ್ನೇ ನಂಬಿಬಿಡುತ್ತಾರೆ. ಎಷ್ಟೋ ಸಲ ಅದು ನಿಜವೇ ಇರುತ್ತದೆ. ಆದರೆ ಕೈಕೊಟ್ಟಿದ್ದು ಬೋರ್ಡೇ ಆಗಿದ್ದರೆ, ಚಿಕಿತ್ಸೆಯ ಖರ್ಚನ್ನೂ ಹೋದ ಸಂಬಳವನ್ನೂ ಸುಮ್ನೆ ನುಂಗಿಕೊಂಡು ಕೂರಬೇಕಾಗಿಲ್ಲ. ದೋಷವಿರುವ ವಸ್ತುವಿನಿಂದ ಗಾಯವಾದರೆ ಅದನ್ನು ತಯಾರಿಸಿದವರು ಹೊಣೆ ಹೊರಬೇಕು ಎಂಬ ಕಾನೂನು ಬಹಳಷ್ಟು ದೇಶಗಳಲ್ಲಿ ಇದೆ.

ಒಂದೇ ಚಕ್ರದ ಮೇಲೆ ಓಡುವ ಒನ್‌ವೀಲ್ ಬೋರ್ಡಿನ ಕಥೆ ನೋಡಿ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2022ರ ನವೆಂಬರ್‌ನಲ್ಲಿ ‘ಇದನ್ನು ಬಳಸುವುದು ನಿಲ್ಲಿಸಿ’ ಎಂದು ಜನರಿಗೆ ಎಚ್ಚರಿಕೆ ಕೊಟ್ಟಿತು. ಬೋರ್ಡ್ ಸಮತೋಲನ ಕಳೆದುಕೊಂಡು ಅಥವಾ ಇದ್ದಕ್ಕಿದ್ದಂತೆ ನಿಂತು ಸವಾರರನ್ನು ಎಸೆಯುತ್ತದೆ ಎಂಬ ದೂರುಗಳಿದ್ದವು. 2019ರಿಂದ 2021ರ ನಡುವೆ ನಾಲ್ವರು ಸತ್ತಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಸುಮಾರು 3 ಲಕ್ಷ ಬೋರ್ಡ್‌ಗಳ ರೀಕಾಲ್ (ಮಾರಿದ ವಸ್ತುವಿನ ದೋಷಕ್ಕೆ ಕಂಪನಿಯೇ ಪರಿಹಾರ ಕೊಡಲು ವಾಪಸ್ ಕರೆಯುವುದು) ಆಯಿತು. ಅಲ್ಲಿಯವರೆಗೆ ಬಿದ್ದವರಲ್ಲಿ ಎಷ್ಟು ಜನ ‘ನನಗೇ ಸರಿಯಾಗಿ ಓಡಿಸೋಕೆ ಬರಲಿಲ್ಲ’ ಅಂದುಕೊಂಡಿದ್ದರೋ!

ಹಾಗಾಗಿ ಬಿದ್ದ ಮೇಲೆ ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಡಾಕ್ಟರ ಬಳಿ ಹೋಗಿ

ತಲೆಗೆ ಪೆಟ್ಟು ಬಿದ್ದಿದ್ದರೆ ‘ಆಮೇಲೆ ನೋಡೋಣ’ ಅನ್ನಬೇಡಿ. ಪ್ರಾಣದ ಪ್ರಶ್ನೆ ಅದು. ಕೇಸಿನ ದೃಷ್ಟಿಯಿಂದಲೂ ತಡ ಮಾಡುವುದು ಒಳ್ಳೆಯದಲ್ಲ. ವಾರ ಬಿಟ್ಟು ಹೋದರೆ ‘ಈ ಗಾಯ ಬೇರೆ ಎಲ್ಲೋ ಆಗಿದ್ದು’ ಎಂದು ಎದುರಿನವರು ಹೇಳುತ್ತಾರೆ. ಡಾಕ್ಟರು ಕೇಳಿದಾಗ ‘ಬಿದ್ದೆ’ ಎಂದಷ್ಟೇ ಹೇಳಿ ಮುಗಿಸಬೇಡಿ. ‘ನೇರ ರಸ್ತೆಯಲ್ಲಿ ಹೋಗುತ್ತಿದ್ದೆ, ಹಿಂದಿನ ಚಕ್ರ ಗಕ್ಕನೆ ಲಾಕ್ ಆಯಿತು, ಮುಂದಕ್ಕೆ ಹಾರಿ ಬಿದ್ದೆ’ ಎಂದು ಆದದ್ದನ್ನು ಆದ ಹಾಗೇ ಹೇಳಿ. ಆ ಮಾತು ಕೇಸ್ ಶೀಟ್‌ಗೆ ಹೋಗುತ್ತದೆ. ಪರಿಹಾರದ ಯೋಚನೆಯೇ ಇಲ್ಲದ ಹೊತ್ತಿನಲ್ಲಿ ಆಡಿದ ಮಾತು ಅಂತ ಮುಂದೆ ಅದಕ್ಕೆ ಬೆಲೆ ಜಾಸ್ತಿ. ನೆನಪಿಲ್ಲದ್ದನ್ನು ಮಾತ್ರ ಸೇರಿಸಿ ಹೇಳಬೇಡಿ.

ಬೋರ್ಡನ್ನು ಮುಟ್ಟಬೇಡಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ. ಕೇಸು ನಿಲ್ಲುವುದೂ ಬೀಳುವುದೂ ಬಹಳ ಸಲ ಆ ಬೋರ್ಡಿನ ಮೇಲೇ. ಬಿದ್ದ ಸ್ಥಿತಿಯಲ್ಲಿ ಅದು ನಿಮ್ಮ ಬಳಿ ಇದ್ದರೆ ತಜ್ಞರು ಅದನ್ನು ಬಿಚ್ಚಿ ಕಾರಣ ಹುಡುಕಬಹುದು. ಇಲ್ಲದಿದ್ದರೆ ಉಳಿಯುವುದು ನಿಮ್ಮ ಮಾತು ಮತ್ತು ಕಂಪನಿಯ ಮಾತು, ಅಷ್ಟೇ.

ಜನ ಎಡವುವುದು ಇಲ್ಲೇ. ಕೋಪಕ್ಕೆ ಬೋರ್ಡನ್ನು ಕಸಕ್ಕೆ ಹಾಕುತ್ತಾರೆ. ಸಡಿಲಾದ ಬೋಲ್ಟನ್ನು ಬಿಗಿ ಮಾಡಿಬಿಡುತ್ತಾರೆ. ‘ವಾಪಸ್ ಕಳಿಸಿ, ಹೊಸದು ಕೊಡುತ್ತೇವೆ’ ಎಂದು ಕಂಪನಿ ಹೇಳಿದ ಕೂಡಲೇ ಪಾರ್ಸೆಲ್ ಮಾಡುತ್ತಾರೆ. ಹೊಸ ಬೋರ್ಡ್ ಬರುತ್ತದೆ, ಆದರೆ ಸಾಕ್ಷ್ಯ ಎದುರಾಳಿಯ ಕೈ ಸೇರಿರುತ್ತದೆ. ಕಳಿಸಲೇಬೇಕು ಎಂದು ಕಂಪನಿ ಒತ್ತಾಯ ಮಾಡಿದರೆ, ‘ಎರಡೂ ಕಡೆಯವರ ಎದುರಿಗೆ ಪರೀಕ್ಷೆ ಆಗಲಿ’ ಎಂದು ಬರವಣಿಗೆಯಲ್ಲೇ ಉತ್ತರಿಸಿ. ಬಿಚ್ಚಿದರೆ ಅಥವಾ ಕತ್ತರಿಸಿದರೆ ಮತ್ತೆ ಮೊದಲಿನಂತೆ ಮಾಡಲಾಗದ ಪರೀಕ್ಷೆಗಳನ್ನು ಹಾಗೆ ಮಾಡುವುದೇ ರೂಢಿ. ಈ ನಿಯಮ ನಿಮಗೂ ಅನ್ವಯಿಸುತ್ತದೆ. ಕಂಪನಿಗೆ ತಿಳಿಸದೆ ನೀವೇ ಬಿಚ್ಚಿ ನೋಡಿದರೆ ‘ಸಾಕ್ಷ್ಯ ಕೆಡಿಸಿದರು’ ಎಂಬ ಆರೋಪ ನಿಮ್ಮ ತಲೆಗೇ ಬರುತ್ತದೆ.

ಆನ್ ಮಾಡಿ ನೋಡಬೇಡಿ. ಚಾರ್ಜ್‌ಗೆ ಹಾಕಬೇಡಿ. ತೊಳೆಯಬೇಡಿ. ಆ್ಯಪ್ ‘ಅಪ್‌ಡೇಟ್ ಮಾಡಿ’ ಎಂದು ಕೇಳಿದರೂ ಒತ್ತಬೇಡಿ. ಒನ್‌ವೀಲ್‌ನ ಹೊಸ ಮಾದರಿಗಳಿಗೆ ರೀಕಾಲ್‌ನಲ್ಲಿ ಕೊಟ್ಟ ಪರಿಹಾರವೇ ಒಂದು ಸಾಫ್ಟ್‌ವೇರ್ ಅಪ್‌ಡೇಟ್. ಮಿತಿ ಮೀರುವ ಮೊದಲು ಬೋರ್ಡ್ ನಡುಗಿ, ಸದ್ದು ಮಾಡಿ ಸವಾರರನ್ನು ಎಚ್ಚರಿಸುವಂತೆ ಅದು ಮಾಡಿತು. ಅಂದರೆ ಅಪ್‌ಡೇಟ್ ಆದ ಬೋರ್ಡ್, ಬಿದ್ದ ದಿನದ ಬೋರ್ಡ್ ಅಲ್ಲ. ಸಾಫ್ಟ್‌ವೇರ್ ಆವೃತ್ತಿ, ಅವತ್ತಿನ ವೇಗ, ಬ್ಯಾಟರಿ ಮಟ್ಟ ಇವೆಲ್ಲ ಆ್ಯಪ್‌ನಲ್ಲಿ ಈಗಾಗಲೇ ಉಳಿದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನ್ ರೀಸೆಟ್ ಮಾಡಬೇಡಿ.

ಏನಾದರೂ ಮುರಿದಿದ್ದರೆ ಇನ್ನೂ ಹುಷಾರಾಗಿರಿ. ಚಕ್ರಗಳನ್ನು ಹಿಡಿದಿಡುವ ಟ್ರಕ್‌ನ ನಡುವೆ ಕಿಂಗ್‌ಪಿನ್ ಎಂಬ ದಪ್ಪ ಬೋಲ್ಟ್ ಇರುತ್ತದೆ. ಅದು ತುಂಡಾಗಿದೆ ಅಂದುಕೊಳ್ಳಿ. ಮುರಿದ ಮುಖವನ್ನು ಬೆಳಕಿಗೆ ಹಿಡಿದರೆ ಒಂದು ಕಡೆ ನುಣುಪಾಗಿ, ಮಂಕಾಗಿ, ತೆಳ್ಳಗಿನ ಬಿಲ್ಲಿನಂಥ ಗೆರೆಗಳು ಕಾಣಬಹುದು. ಇನ್ನೊಂದು ಕಡೆ ತರಿತರಿಯಾಗಿ ಹೊಳೆಯಬಹುದು. ಮಂಕಾದ ಭಾಗ, ಬಿರುಕು ಮೊದಲೇ ಹುಟ್ಟಿ ದಿನೇ ದಿನೇ ಬೆಳೆದದ್ದರ ಗುರುತು. ತರಿತರಿಯಾದದ್ದು ಕೊನೆಯ ಕ್ಷಣದಲ್ಲಿ ಪಟ್ಟನೆ ಮುರಿದ ಭಾಗ. ಬಿದ್ದ ಏಟಿಗೆ ಮುರಿಯಿತೋ, ಮುರಿದದ್ದಕ್ಕೆ ಬಿದ್ದಿರೋ ಎಂಬ ಪ್ರಶ್ನೆಗೆ ತಜ್ಞರು ಉತ್ತರ ಹುಡುಕುವುದು ಈ ಗೆರೆಗಳಲ್ಲಿ. ‘ಸರಿಯಾಗಿ ಕೂರುತ್ತಾ ನೋಡೋಣ’ ಎಂದು ಎರಡು ತುಂಡುಗಳನ್ನು ಒಂದಕ್ಕೊಂದು ಒತ್ತಿದರೆ ಆ ಗೆರೆಗಳು ಸವೆದುಹೋಗುತ್ತವೆ. ಮುಟ್ಟದೆ ಫೋಟೋ ತೆಗೆದು, ಎರಡನ್ನೂ ಬೇರೆ ಬೇರೆ ಒಣ ಕವರ್‌ನಲ್ಲಿಡಿ.

ಬ್ಯಾಟರಿ ವಿಷಯದಲ್ಲಿ ಮಾತ್ರ ಸಾಕ್ಷ್ಯಕ್ಕಿಂತ ಸುರಕ್ಷತೆ ಮೊದಲು. ಪೆಟ್ಟು ತಿಂದ ಲಿಥಿಯಂ ಬ್ಯಾಟರಿ ಗಂಟೆಗಳು, ಕೆಲವೊಮ್ಮೆ ದಿನಗಳು ಕಳೆದ ಮೇಲೂ ಹೊತ್ತಿಕೊಳ್ಳಬಹುದು. ಉಬ್ಬಿದ್ದರೆ, ವಾಸನೆ ಬಂದರೆ, ಬಿಸಿಯಾಗಿದ್ದರೆ ಮನೆಯೊಳಗೆ ಇಡಲೇಬೇಡಿ. ಉರಿಯುವ ವಸ್ತು ಹತ್ತಿರ ಇಲ್ಲದ ಬಯಲಿನಲ್ಲಿಟ್ಟು ಅಗ್ನಿಶಾಮಕದವರನ್ನು ಕೇಳಿ. ಹಾಳಾದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವುದಕ್ಕೆ ನಿಷೇಧವಿದೆ. ಹಾಗಾಗಿ ‘ಕೊರಿಯರ್ ಮಾಡಿ’ ಎಂದು ಯಾರೇ ಹೇಳಿದರೂ ಒಪ್ಪಬೇಡಿ.

ರಿಮೋಟ್, ಚಾರ್ಜರ್, ಹೆಲ್ಮೆಟ್, ಹರಿದ ಬಟ್ಟೆ, ಶೂ, ಬಿಲ್, ಡಬ್ಬಿ, ಕೈಪಿಡಿ ಎಲ್ಲವನ್ನೂ ಎತ್ತಿಡಿ. ಜಾಗದ ಫೋಟೋಗಳು, ನೋಡಿದವರ ಹೆಸರು, ಫೋನ್ ನಂಬರ್ ಕೂಡ ಬೇಕು. ಅಕ್ಕಪಕ್ಕದ ಸಿಸಿಟಿವಿ ದೃಶ್ಯವನ್ನು ಬೇಗ ಕೇಳಿ, ಸಾಮಾನ್ಯವಾಗಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ.

ದೋಷ ಯಾವ ಬಗೆಯದು?

ಕಾನೂನು ಮೂರು ಬಗೆಯ ದೋಷಗಳನ್ನು ಗುರುತಿಸುತ್ತದೆ. ವಿನ್ಯಾಸ ಸರಿ ಇದ್ದು ನಿಮ್ಮ ಕೈಗೆ ಬಂದ ಬೋರ್ಡ್ ಮಾತ್ರ ಕೆಟ್ಟದ್ದಾಗಿದ್ದರೆ ಅದು ತಯಾರಿಕೆಯ ದೋಷ. ಸರಿಯಾಗಿ ಬೆಸುಗೆಯಾಗದ ತಂತಿ, ನೀರು ಒಳಗೆ ಇಳಿಯುವಂತೆ ಬಿಟ್ಟುಹೋದ ಸೀಲ್ ಇಂಥವು. ಆ ಮಾದರಿಯ ಪ್ರತಿ ಬೋರ್ಡಿನಲ್ಲೂ ಅದೇ ತೊಂದರೆ ಇದ್ದರೆ ಅದು ವಿನ್ಯಾಸದ ದೋಷ. ಉದಾಹರಣೆಗೆ, ರಿಮೋಟ್ ಸಂಪರ್ಕ ಒಂದು ಕ್ಷಣ ಕಡಿದರೆ ಪೂರ್ತಿ ಬ್ರೇಕ್ ಹಾಕುವ ಬೋರ್ಡ್. ವೇಗದಲ್ಲಿದ್ದವರು ಮುಂದಕ್ಕೆ ಹಾರಿಯೇ ಹೋಗುತ್ತಾರೆ. ಮೂರನೆಯದು ಎಚ್ಚರಿಕೆ ಕೊಡದ ದೋಷ. ಬ್ಯಾಟರಿ ಪೂರ್ತಿ ತುಂಬಿದ್ದಾಗ ಇಳಿಜಾರಿನಲ್ಲಿ ಕೆಲವು ಬೋರ್ಡ್‌ಗಳ ಬ್ರೇಕ್ ದುರ್ಬಲವಾಗುತ್ತದೆ, ಯಾಕೆಂದರೆ ಬ್ರೇಕ್ ಹಾಕಿದಾಗ ಹುಟ್ಟುವ ವಿದ್ಯುತ್ತಿಗೆ ಹೋಗಲು ಜಾಗವಿರುವುದಿಲ್ಲ. ಇದು ಹೊಸಬರಿಗೆ ತಾನಾಗಿ ಹೊಳೆಯುವ ವಿಷಯವಲ್ಲ, ಅಲ್ವಾ? ಕೈಪಿಡಿಯಲ್ಲಿ ಸ್ಪಷ್ಟವಾಗಿ ಹೇಳಿರಬೇಕು.

ಬಹಳಷ್ಟು ಕಡೆ ಕಂಪನಿ ಅಜಾಗರೂಕತೆ ತೋರಿತು ಎಂದು ನೀವು ಸಾಬೀತು ಮಾಡಬೇಕಿಲ್ಲ. ದೋಷ ಇತ್ತು, ಅದರಿಂದಲೇ ಗಾಯವಾಯಿತು ಎಂದು ತೋರಿಸಿದರೆ ಸಾಕು. 1963ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಕೊಟ್ಟ ಗ್ರೀನ್‌ಮನ್ ತೀರ್ಪು ಈ ದಾರಿಯನ್ನು ಗಟ್ಟಿ ಮಾಡಿತು. ಅಲ್ಲಿ ಮರಗೆಲಸದ ಯಂತ್ರದಿಂದ ಮರದ ತುಂಡು ಹಾರಿ ಬಳಸುತ್ತಿದ್ದವರ ಹಣೆಗೆ ಬಡಿದಿತ್ತು. ಭಾಗಗಳನ್ನು ಹಿಡಿದಿಟ್ಟಿದ್ದ ಸ್ಕ್ರೂಗಳು ಸಾಕಷ್ಟು ಬಲವಾಗಿರಲಿಲ್ಲ ಎಂದು ತಜ್ಞರು ತೋರಿಸಿಕೊಟ್ಟರು. ಆ ಯಂತ್ರವನ್ನು ಅವರಿಗೆ ಉಡುಗೊರೆಯಾಗಿ ಕೊಟ್ಟದ್ದು ಹೆಂಡತಿ. ಹಾಗಾಗಿ ‘ಬೋರ್ಡ್ ನಾನು ಕೊಂಡದ್ದಲ್ಲ, ಗಿಫ್ಟ್ ಬಂದದ್ದು’ ಎಂದು ಹಿಂಜರಿಯಬೇಡಿ.

ರೀಕಾಲ್ ಆಗಿಲ್ಲ ಎಂದ ಮಾತ್ರಕ್ಕೆ ದೋಷವಿಲ್ಲ ಎಂದಲ್ಲ. ರೀಕಾಲ್ ಆಗಿದೆ ಎಂದ ಮಾತ್ರಕ್ಕೆ ಪರಿಹಾರ ತಾನಾಗಿ ಬರುವುದೂ ಇಲ್ಲ.

ಯಾರ ಮೇಲೆ?

ತಯಾರಿಸಿದವರು, ಭಾಗಗಳನ್ನು ಮಾಡಿಕೊಟ್ಟವರು, ಆಮದು ಮಾಡಿಕೊಂಡವರು, ಮಾರಿದವರು. ಬಾಡಿಗೆಗೆ ತಂದಿದ್ದರೆ ಕೊಟ್ಟವರು. ಈ ಸಾಲನ್ನು ಪೂರ್ತಿ ಬರೆದಿಟ್ಟುಕೊಳ್ಳಿ, ಏಕೆಂದರೆ ಈ ವ್ಯಾಪಾರದಲ್ಲಿ ಕಂಪನಿಗಳು ಬಹಳ ದಿನ ಬಾಳುವುದಿಲ್ಲ. ಹೆಸರು ಮಾಡಿದ್ದ ಬೂಸ್ಟೆಡ್ ಕೂಡ 2020ರಲ್ಲಿ ಬಾಗಿಲು ಹಾಕಿತು. ತಯಾರಕರು ಸಿಗದಿದ್ದಾಗ ಅಥವಾ ದೇಶದ ಹೊರಗಿದ್ದಾಗ ಮಾರಿದವರನ್ನು ಹೊಣೆ ಮಾಡಲು ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ.

ಆನ್‌ಲೈನ್ ಮಾರಾಟ ತಾಣಗಳ ವಿಷಯದಲ್ಲಿ ಕೋರ್ಟುಗಳೇ ಒಮ್ಮತಕ್ಕೆ ಬಂದಿಲ್ಲ. ಚಾರ್ಜ್‌ಗೆ ಹಾಕಿದ್ದ ಹೋವರ್‌ಬೋರ್ಡ್ ಹೊತ್ತಿಕೊಂಡು ಮಹಿಳೆಯೊಬ್ಬರಿಗೆ ಸುಟ್ಟ ಗಾಯಗಳಾದ ಕೇಸಿನಲ್ಲಿ, ಬೇರೆ ವ್ಯಾಪಾರಿ ಮಾರಿದ್ದರೂ ಅಮೆಜಾನ್ ಹೊಣೆಯಾಗಬಹುದು ಎಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟ್ 2021ರಲ್ಲಿ ಹೇಳಿತು. ಅದೇ ವರ್ಷ ಟೆಕ್ಸಾಸ್ ಸುಪ್ರೀಂ ಕೋರ್ಟ್ ಇನ್ನೊಂದು ವಸ್ತುವಿನ ಕೇಸಿನಲ್ಲಿ ಇದಕ್ಕೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ನಿಮ್ಮ ಕಡೆ ಕಾನೂನು ಹೇಗಿದೆ ಎಂದು ವಕೀಲರನ್ನೇ ಕೇಳಬೇಕು.

ಗಡುವು

ಕೇಸು ಹಾಕುವ ಗಡುವು ದಾಟಿದರೆ ಎಷ್ಟು ಒಳ್ಳೆಯ ಕೇಸೂ ಉಳಿಯುವುದು ಕಷ್ಟ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 2 ವರ್ಷ. ಭಾರತದ ಗ್ರಾಹಕ ಆಯೋಗಗಳಲ್ಲೂ 2 ವರ್ಷ, ತಕ್ಕ ಕಾರಣ ಕೊಟ್ಟರೆ ವಿಳಂಬವನ್ನು ಮನ್ನಿಸಬಹುದು. ಬ್ರಿಟನ್‌ನಲ್ಲಿ 3 ವರ್ಷ, ಜೊತೆಗೆ ವಸ್ತು ಮಾರುಕಟ್ಟೆಗೆ ಬಂದು 10 ವರ್ಷ ಕಳೆದರೆ ಅಲ್ಲಿನ 1987ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾವೆ ಹೂಡಲಾಗದು. ಕಂಪನಿಯ ಜೊತೆ ಇಮೇಲ್ ಓಡಾಡುತ್ತಿದೆ ಎಂದು ಗಡುವು ನಿಲ್ಲುವುದಿಲ್ಲ. ‘ಪರಿಶೀಲಿಸುತ್ತಿದ್ದೇವೆ’ ಎಂಬ ಉತ್ತರಗಳಲ್ಲೇ ವರ್ಷ ಕಳೆದುಹೋಗಬಹುದು.

ಎದುರಿನವರು ಏನು ಹೇಳುತ್ತಾರೆ?

‘ಮಿತಿ ಮೀರಿದ ವೇಗ’, ‘ಬೋರ್ಡನ್ನು ಮಾರ್ಪಡಿಸಿದ್ದಾರೆ’, ‘ಹೆಲ್ಮೆಟ್ ಇರಲಿಲ್ಲ’, ‘ಆ್ಯಪ್‌ನಲ್ಲಿ ಷರತ್ತಿಗೆ ಒಪ್ಪಿದ್ದಾರೆ’. ನೀವೇ ದೊಡ್ಡ ಬ್ಯಾಟರಿ ಹಾಕಿಸಿದ್ದರೆ ಅಥವಾ ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರ್ ಬದಲಿಸಿದ್ದರೆ ಕೇಸು ನಿಜವಾಗಿಯೂ ಕಷ್ಟ. ವಕೀಲರಿಂದ ಅದನ್ನು ಮುಚ್ಚಿಡಬೇಡಿ. ಹೆಲ್ಮೆಟ್ ಇಲ್ಲದಿದ್ದರೆ ಕೇಸೇ ಇಲ್ಲ ಎಂದೇನಲ್ಲ. ಹಲವು ಕಡೆ ನಿಮ್ಮ ಪಾಲಿನ ತಪ್ಪಿಗೆ ತಕ್ಕಷ್ಟು ಹಣ ಕಡಿತವಾಗಬಹುದು. ಆದರೆ ಒನ್‌ವೀಲ್ ಸಾವುಗಳಲ್ಲಿ ಕನಿಷ್ಠ ಮೂವರು ಹೆಲ್ಮೆಟ್ ಹಾಕಿರಲಿಲ್ಲ ಎಂದು ವರದಿಗಳು ಹೇಳುತ್ತವೆ. ಹೆಲ್ಮೆಟ್ ಹಾಕಿಕೊಳ್ಳುವುದಕ್ಕೆ ಕೋರ್ಟಿನ ಲೆಕ್ಕಕ್ಕಿಂತ ದೊಡ್ಡ ಕಾರಣ ಅದು.

ಬಿದ್ದ ವಿಡಿಯೊವನ್ನು ತಮಾಷೆಗೂ ಹಂಚಿಕೊಳ್ಳಬೇಡಿ. ‘ನನ್ನದೇ ತಪ್ಪು ಬಿಡ್ರೋ’ ಎಂದು ಗೆಳೆಯರಿಗೆ ಹಾಕಿದ ಒಂದು ಸಾಲು ಕೋರ್ಟಿಗೂ ಬರುತ್ತದೆ.

ವಕೀಲರು, ಲೆಕ್ಕ, ರಾಜಿ

ವಸ್ತು ದೋಷದ ಕೇಸುಗಳನ್ನು ನಡೆಸಿ ಗೊತ್ತಿರುವ ವಕೀಲರನ್ನು ಹುಡುಕಿ. ಈ ಕೇಸುಗಳಲ್ಲಿ ದೊಡ್ಡ ಖರ್ಚು ತಜ್ಞರದ್ದು. ಅದನ್ನು ಯಾರು ಕೊಡಬೇಕು, ಸೋತರೆ ಏನು ಎಂದು ಮೊದಲೇ ಕೇಳಿ. ಅಮೆರಿಕದಲ್ಲಿ ಗೆದ್ದ ಹಣದಲ್ಲಿ ಪಾಲು ಎಂಬ ಲೆಕ್ಕದಲ್ಲಿ ಫೀ ಪಡೆಯುವುದು ಸಾಮಾನ್ಯ. ಭಾರತದಲ್ಲಿ ವಕೀಲರು ಹಾಗೆ ಪಾಲಿನ ಲೆಕ್ಕದಲ್ಲಿ ಫೀ ಮಾತಾಡುವಂತಿಲ್ಲ.

ನಷ್ಟದ ಲೆಕ್ಕದಲ್ಲಿ ಆಸ್ಪತ್ರೆ ಬಿಲ್ ಒಂದು ಭಾಗ ಮಾತ್ರ. ಹೋದ ಸಂಬಳ, ಮುಂದೆ ಬೇಕಾದ ಆಪರೇಷನ್, ಫಿಸಿಯೊಥೆರಪಿ, ಓಡಾಟದ ಖರ್ಚು, ನೋವು ಎಲ್ಲ ಸೇರಬೇಕು. ನೋವಿಗೆ ಬಿಲ್ ಇರುವುದಿಲ್ಲ, ಆದ್ದರಿಂದ ದಿನಚರಿ ಬರೆಯಿರಿ. ‘ಇವತ್ತು ಬಲಗೈಯಲ್ಲಿ ನೀರಿನ ಚೊಂಬು ಎತ್ತಲು ಆಗಲಿಲ್ಲ’ ಎಂಬ ಒಂದು ಸಾಲು ‘ತುಂಬಾ ನೋವಿತ್ತು’ ಎಂಬುದಕ್ಕಿಂತ ಹೆಚ್ಚು ಹೇಳುತ್ತದೆ.

ಇಂಥ ಕೇಸುಗಳಲ್ಲಿ ಹೆಚ್ಚಿನವು ರಾಜಿಯಲ್ಲಿ ಮುಗಿಯುತ್ತವೆ. ಗಾಯ ಒಂದು ಹಂತಕ್ಕೆ ಬಂದು, ಮುಂದೆ ಏನು ಚಿಕಿತ್ಸೆ ಬೇಕು ಎಂದು ಡಾಕ್ಟರು ಹೇಳುವವರೆಗೆ ಸಹಿ ಹಾಕಬೇಡಿ. ಸಹಿ ಹಾಕಿದ ಮೇಲೆ ಅದೇ ಮೂಳೆಗೆ ಮತ್ತೊಂದು ಆಪರೇಷನ್ ಬೇಕಾದರೆ ಖರ್ಚು ನಿಮ್ಮದೇ. ವಿಮಾ ಕಂಪನಿ ಚಿಕಿತ್ಸೆಗೆ ಹಣ ಕೊಟ್ಟಿದ್ದರೆ ಪರಿಹಾರದಲ್ಲಿ ಅದು ಪಾಲು ಕೇಳಬಹುದೇ ಎಂದು ವಿಚಾರಿಸಿ. ಕರಾರಿನಲ್ಲಿ ‘ಗುಟ್ಟಾಗಿಡಬೇಕು’ ಎಂಬ ಷರತ್ತು ಇದ್ದರೆ ಎರಡು ಸಲ ಓದಿ. ಹಣದ ಮೊತ್ತವನ್ನು ಹೇಳದಿರಲು ಒಪ್ಪಬಹುದು. ಆದರೆ ಸುರಕ್ಷತಾ ಇಲಾಖೆಗೆ ದೂರು ಕೊಡುವ ನಿಮ್ಮ ಹಕ್ಕನ್ನು ಅದು ತಡೆಯದಂತೆ ಒಂದು ಸಾಲು ಸೇರಿಸಿ ಎಂದು ವಕೀಲರಿಗೆ ಹೇಳಿ. ಆ ದೂರನ್ನು ರಾಜಿಗೆ ಮೊದಲೇ ಕೊಟ್ಟಿದ್ದರೆ ಇನ್ನೂ ಒಳ್ಳೆಯದು.