ಹೇಗ್‌ಗೆ ದೂರು ಬರೆಯುವ ಮುನ್ನ
ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಕೂತು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಪ್ರಾಸಿಕ್ಯೂಟರ್‌ಗೆ ಮಾಹಿತಿ ಕಳಿಸಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮೊದಲು ಘಟನೆಯ ಜಾಗ, ಆರೋಪಿಯ ಪೌರತ್ವ ನೋಡಿ. ಭಾರತ ಆ ನ್ಯಾಯಾಲಯವನ್ನು ಸ್ಥಾಪಿಸಿದ ಒಪ್ಪಂದವಾದ ರೋಮ್ ಶಾಸನಕ್ಕೆ ಸೇರಿಲ್ಲ. ಇಲ್ಲಿ ಭಾರತೀಯರು ಎಸಗಿದ್ದು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬಾರದು. ಬಾಂಗ್ಲಾದೇಶ ಸದಸ್ಯ ರಾಷ್ಟ್ರ, ಅಲ್ಲಿನದಾದರೆ ಬರಬಹುದು. 2002ರ ಜುಲೈ 1ಕ್ಕಿಂತ ಹಿಂದಿನದನ್ನು ಬಿಟ್ಟುಬಿಡಿ. ಅಲ್ಲಿ ವಿಚಾರಿಸುವುದು ನರಮೇಧ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಒಂದು ದೇಶ ಇನ್ನೊಂದರ ಮೇಲೆ ನಡೆಸುವ ಆಕ್ರಮಣ ಇಷ್ಟೇ. ಬಿಡಿ ಕೊಲೆ, ವಂಚನೆಗಳಿಗೆಲ್ಲ ನಮ್ಮ ಪೊಲೀಸ್ ಠಾಣೆಯೇ ಗತಿ.

ಅರ್ಜಿ ಎಡವುವ ಇನ್ನೊಂದು ಜಾಗ ರೋಮ್ ಶಾಸನದ 17ನೇ ವಿಧಿ. ಸಂಬಂಧಪಟ್ಟ ದೇಶವೇ ಪ್ರಾಮಾಣಿಕವಾಗಿ ತನಿಖೆ ನಡೆಸುತ್ತಿದ್ದರೆ ಹೇಗ್ ಕೈಹಾಕದು. ಅದು ಮೇಲ್ಮನವಿ ಕೋರ್ಟಲ್ಲ. ‘ನ್ಯಾಯ ಸಿಗಲಿಲ್ಲ’ ಎಂಬ ಅಳಲು ಸಾಲದು. ಅಲ್ಲಿನ ದೂರಿನ ಸಂಖ್ಯೆ, ತನಿಖೆ ನಿಂತ ದಿನ, ಆರೋಪಿಯನ್ನು ಉಳಿಸಿದ ಆದೇಶದ ಪ್ರತಿ, ಎಲ್ಲವನ್ನೂ ದಿನಾಂಕವಾರು ಜೋಡಿಸಿ. ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ ಬರೆಯಿರಿ; ಮೂಲ ದಾಖಲೆ ಮಾತ್ರ ಕಳಿಸಬೇಡಿ, ನಕಲು ಸಾಕು.