ಪೀಣ್ಯದ ಡೈರಿ, ನ್ಯೂರೆಂಬರ್ಗ್‌ನ ಪತ್ರ

ದಾವಣಗೆರೆಯಲ್ಲಿ ಎರಡು ವರ್ಷ ಐಟಿಐ ಫಿಟ್ಟರ್, ಆಮೇಲೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಒಂದು ವರ್ಷ ಅಪ್ರೆಂಟಿಸ್. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಕೈಗೆ ಬಂದ ದಿನ, ಇನ್ನು ಇದೊಂದಿದ್ದರೆ ಸಾಕು ಎಂದುಕೊಂಡಿದ್ದೆ. ನಮ್ಮ ದೇಶದೊಳಗೆ ಸಾಕಾಯಿತು ಕೂಡ. ಹತ್ತು ವರ್ಷ ದುಡಿದು ಜರ್ಮನಿಗೆ ಹೊರಟಾಗ ಅದು ಫೈಲಿನ ಮೊದಲ ಹಾಳೆ ಮಾತ್ರ ಎಂದು ತಿಳಿಯಿತು.

ಹೊರದೇಶದಲ್ಲಿ ಕಲಿತ ಕಸುಬನ್ನು ತಮ್ಮಲ್ಲಿನ ಒಂದು ಕಸುಬಿನ ಪಕ್ಕದಲ್ಲಿಟ್ಟು ತೂಗುವ ಕಾನೂನು ಅಲ್ಲಿ 2012ರ ಏಪ್ರಿಲ್‌ನಿಂದ ಇದೆ. ನಮ್ಮ ಫಿಟ್ಟರ್‌ಗೆ ಹತ್ತಿರದ್ದು ‘ಇಂಡಸ್ಟ್ರಿಮೆಖಾನಿಕರ್’, ಅಂದರೆ ಕಾರ್ಖಾನೆ ಯಂತ್ರಗಳ ಮೆಕ್ಯಾನಿಕ್, ಅಲ್ಲಿ ಮೂರೂವರೆ ವರ್ಷದ ತರಬೇತಿ. ಕಾರ್ಖಾನೆಯ ಕಸುಬಾದ್ದರಿಂದ ಅರ್ಜಿ ನ್ಯೂರೆಂಬರ್ಗ್‌ನ ಐಎಚ್‌ಕೆ ಫೋಸಾಕ್ಕೆ, ಅಂದರೆ ಕೈಗಾರಿಕಾ ಮಂಡಳಿಗಳ ಪರವಾಗಿ ಇಂಥ ಅರ್ಜಿ ನೋಡುವ ಕಚೇರಿಗೆ; ಊರಿನಿಂದಲೇ ಕಳುಹಿಸಬಹುದು. ಕಾರು ರಿಪೇರಿಯಂಥ ಕುಶಲ ಕಸುಬುಗಳಿಗೆ ಬೇರೆ ಮಂಡಳಿಗಳಿವೆ. ಗೆಳೆಯನೊಬ್ಬ ಇದನ್ನು ನೋಡಿಕೊಳ್ಳದೆ ಎರಡು ತಿಂಗಳು ಕಳೆದುಕೊಂಡ. ಶುಲ್ಕ ಆಗ 100ರಿಂದ 600 ಯೂರೊ ಇತ್ತು. ಅನುವಾದದ ಖರ್ಚು ಬೇರೆ, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿಜವಾದ ತೊಡಕು ಅನುಭವಪತ್ರದಲ್ಲಿತ್ತು. ತರಬೇತಿಯಲ್ಲಿ ಕೊರತೆ ಕಂಡರೆ ಕೆಲಸದ ಅನುಭವದಿಂದ ತುಂಬಿಕೊಡಬಹುದು, ಆದರೆ ಏನು ಮಾಡಿದೆ ಎಂಬುದು ಕಾಗದದ ಮೇಲಿರಬೇಕು. ನನ್ನ ಹಳೆಯ ಕಂಪನಿ ಕೊಟ್ಟದ್ದು ಎರಡೇ ಸಾಲು: ಇಂತಿಷ್ಟು ವರ್ಷ ಫಿಟ್ಟರ್ ಆಗಿದ್ದರು, ನಡತೆ ತೃಪ್ತಿಕರ. ನನ್ನ ನಡತೆಯಿಂದ ನ್ಯೂರೆಂಬರ್ಗ್‌ನವರಿಗೆ ಆಗಬೇಕಾದದ್ದೇನು?

ಆಗ ನೆನಪಾದದ್ದು ಅಪ್ರೆಂಟಿಸ್ ಕಾಲದ ಡೈರಿ. ದಿನಾ ಬರೆದು ವಾರಕ್ಕೊಮ್ಮೆ ಸಹಿ ಹಾಕಿಸುತ್ತಿದ್ದ, ಶಾಪ ಹಾಕುತ್ತಲೇ ತುಂಬಿಸುತ್ತಿದ್ದ ಪುಸ್ತಕ. ಅಟ್ಟದ ಮೇಲೆ ಸಿಕ್ಕಿತು, ಅಂಚು ಗೆದ್ದಲು ತಿಂದಿತ್ತು. ‘ಬೇರಿಂಗ್ ಬದಲಾವಣೆ, ಶಾಫ್ಟ್ ಅಲೈನ್‌ಮೆಂಟ್, ಡಯಲ್ ಗೇಜ್’ ಎಂದೆಲ್ಲ ಅದರಲ್ಲಿತ್ತು. ಅದನ್ನೂ ಐಟಿಐ ಪಠ್ಯಕ್ರಮವನ್ನೂ ಮುಂದಿಟ್ಟುಕೊಂಡು, ಹತ್ತು ವರ್ಷದಲ್ಲಿ ಯಾವ ಯಂತ್ರಕ್ಕೆ ಏನು ಮಾಡಿದೆ ಎಂದು ಮೂರು ಪುಟ ಬರೆದೆ. ಹಳೆಯ ಸೂಪರ್‌ವೈಸರ್ ಓದಿ, ಎರಡು ಸಾಲು ಹೊಡೆದುಹಾಕಿ, ‘ಇದು ನೀನು ಮಾಡಿದ್ದಲ್ಲಪ್ಪ, ನಾನು ಮಾಡಿದ್ದು’ ಎಂದು ನಕ್ಕು, ಉಳಿದದ್ದಕ್ಕೆ ಕಂಪನಿಯ ಮೊಹರು ಹಾಕಿಸಿಕೊಟ್ಟರು.

ಕಾಗದಗಳೆಲ್ಲ ಸೇರಿದ ಮೂರು ತಿಂಗಳಿಗೆ ಉತ್ತರ ಬಂತು: ಭಾಗಶಃ ಸಮಾನ. ನ್ಯೂಮ್ಯಾಟಿಕ್ (ಗಾಳಿಯ ಒತ್ತಡದಿಂದ ನಡೆಯುವ) ಮತ್ತು ವಿದ್ಯುತ್ ನಿಯಂತ್ರಣದಲ್ಲಿ ಕೊರತೆ. ಬೇಸರವಾಯಿತು, ಆದರೆ ಕೊರತೆಯ ಪಟ್ಟಿ ಕರಾರುವಾಕ್ಕಾಗಿತ್ತು. ಅದನ್ನೇ ತೋರಿಸಿ ಸ್ಟುಟ್‌ಗಾರ್ಟ್ ಬಳಿಯ ಕಾರ್ಖಾನೆಯೊಂದರಲ್ಲಿ ಎಂಟು ತಿಂಗಳ ಪೂರಕ ತರಬೇತಿಗೆ ಸೇರಿದೆ. ವೀಸಾಕ್ಕಾಗಿ ಬೆಂಗಳೂರಿನಲ್ಲಿ ಕಲಿತ ಜರ್ಮನ್, ವರ್ಕ್‌ಶಾಪಿನ ಸದ್ದಿನಲ್ಲಿ ಮೊದಲ ವಾರವೇ ಕೈಕೊಟ್ಟಿತು. ಪಕ್ಕದ ಬೆಂಚಿನವನಿಗೆ ನನ್ನ ಐಟಿಐ ದಿನಗಳ ಫೈಲಿಂಗ್ ಕಥೆ, ಅಂದರೆ ಅರದಿಂದ ಲೋಹ ಉಜ್ಜಿ ಅಳತೆಗೆ ತರುವ ಕಥೆ ಹೇಳಿದೆ: ವೈಸ್‌ಗೆ ಕಚ್ಚಿಸಿದ ಉಕ್ಕಿನ ತುಂಡು, ±0.04 ಮಿಲಿಮೀಟರಿನಷ್ಟೇ ತಪ್ಪಿಗೆ ಅವಕಾಶ, ಸಂಜೆಗೆ ಊದಿಕೊಂಡ ಅಂಗೈ. ಅವನು ಒಂದು ಅರ ತೆಗೆದುಕೊಂಡು ಗಾಳಿಯಲ್ಲಿ ಉಜ್ಜಿ ತೋರಿಸಿದ. ಅವನ ಮೊದಲ ವಾರಗಳೂ ಹಾಗೆಯೇ ಕಳೆದಿದ್ದವಂತೆ.

ಮತ್ತೆ ಅರ್ಜಿ ಹಾಕಿದಾಗ ಪೂರ್ಣ ಸಮಾನತೆ ಸಿಕ್ಕಿತು. ಅದು ಜರ್ಮನ್ ಪ್ರಮಾಣಪತ್ರವಲ್ಲ, ನನ್ನ ಕಸುಬು ಅಲ್ಲಿಯದಕ್ಕೆ ಸಮ ಎನ್ನುವ ಪತ್ರ. ಫ್ರೇಮ್ ಹಾಕಿಸುತ್ತೇನೆ, ಕಳುಹಿಸು ಎಂದಳು ಅಮ್ಮ. ಫೋಟೊ ಕಳುಹಿಸಿದೆ. ‘ಇದೇನೋ, ಬ್ಯಾಂಕಿನ ನೋಟಿಸಿನ ಹಾಗಿದೆ’ ಎಂದಳು.